50 ಕ್ಯಾನ್ ನೀರು, 3 ಯೂನಿಟ್ ಕರೆಂಟು: ಕೊಲ್ಲಿ ಕರಾವಳಿಯ ಒಂದು ಕೆಲಸದ ದಿನ

ಸೇಡಂ, ಚಿತ್ತಾಪುರದ ಕಡೆ ಊರೂರಿಗೂ ಒಂದು ಶುದ್ಧ ಕುಡಿಯುವ ನೀರಿನ ಘಟಕ ಕಾಣುತ್ತದೆ. ನಾಣ್ಯ ಹಾಕಿದರೆ 20 ಲೀಟರಿನ ಕ್ಯಾನ್ ತುಂಬುತ್ತದೆ. ಹೆಚ್ಚುಕಡಿಮೆ ಅಷ್ಟೇ ನೀರು ಹಿಂದಿನ ಪೈಪಿನಿಂದ ಚರಂಡಿಗೆ ಹೋಗುತ್ತದೆ. ಅಬುಧಾಬಿ, ದುಬೈ ಕಡೆ ಸಮುದ್ರದ ನೀರನ್ನು ಕುಡಿಯುವಂತೆ ಮಾಡುವ ಆರ್‌ಒ (ರಿವರ್ಸ್ ಆಸ್ಮೋಸಿಸ್) ಘಟಕಗಳ ಒಳಗಿರುವುದೂ ಅದೇ ಸುರುಳಿ ಸುತ್ತಿದ ಮೆಂಬ್ರೇನ್, ಅಂದರೆ ಒತ್ತಡ ಹಾಕಿದಾಗ ನೀರನ್ನು ದಾಟಿಸಿ ಉಪ್ಪನ್ನು ತಡೆಯುವ ಪೊರೆ. ಗಾತ್ರ ಮಾತ್ರ ಬೇರೆ. ಅಬುಧಾಬಿಯ ತವೀಲಾ ಘಟಕದ ಸಾಮರ್ಥ್ಯ ದಿನಕ್ಕೆ 9 ಲಕ್ಷ ಘನ ಮೀಟರ್. ಇಲ್ಲಿಯವರು ಅದನ್ನು 200 ಎಂಐಜಿಡಿ ಅನ್ನುತ್ತಾರೆ, ಅಂದರೆ ದಿನಕ್ಕೆ 20 ಕೋಟಿ ಇಂಪೀರಿಯಲ್ ಗ್ಯಾಲನ್. ಒಂದು ಗ್ಯಾಲನ್ 4.546 ಲೀಟರ್. ಅಮೆರಿಕದ ಗ್ಯಾಲನ್ ಹಿಡಿದು ಲೆಕ್ಕ ಮಾಡಿದವರ ಮೊದಲ ವರದಿ ಆ ದಿನವೇ ವಾಪಸ್ ಬರುತ್ತದೆ.

ಕಲಬುರಗಿ, ಬೀದರ್‌ನಲ್ಲಿ ಇಂಜಿನಿಯರಿಂಗ್ ಮುಗಿಸಿ ಇಂಥ ಕಡೆ ಕೆಲಸಕ್ಕೆ ಸೇರಿದವರಿಗೆ ಮನೆಯಿಂದ ಬರುವ ಪ್ರಶ್ನೆ ಒಂದೇ: "ನೀರಿನ ಕೆಲಸೇನೋ, ಕರೆಂಟಿನ ಕೆಲಸೇನೋ?" ಎರಡೂ ಒಂದೇ ಕೆಲಸ. 36 ಬಾರ್ (1 ಬಾರ್ ಅಂದರೆ ಹೆಚ್ಚುಕಡಿಮೆ ನಮ್ಮ ಸುತ್ತಲ ಗಾಳಿಯ ಒತ್ತಡ) ಒತ್ತಡದಲ್ಲಿ 1 ಘನ ಮೀಟರ್ ನೀರು ತಳ್ಳಲು ಲೆಕ್ಕದ ಪ್ರಕಾರ 1 ಯೂನಿಟ್ ಬೇಕು. ಕೊಲ್ಲಿಯ ನೀರಿನ ಟಿಡಿಎಸ್, ಅಂದರೆ ಲೀಟರಿನಲ್ಲಿ ಕರಗಿರುವ ಉಪ್ಪು ಎಷ್ಟು ಮಿಲಿಗ್ರಾಂ ಎಂಬ ಅಂಕಿ, 45,000ದ ಆಸುಪಾಸು, ಅದಕ್ಕೆ 65 ಬಾರ್‌ನಷ್ಟು ಒತ್ತಡ ಬೇಕು. ಒಳಗೆ ಹೋದ ನೀರಿನಲ್ಲಿ ಸಿಹಿನೀರಾಗುವುದು ನೂರಕ್ಕೆ 40 ಭಾಗ, ಉಳಿದ 60 ಭಾಗ ಒತ್ತಡ ಸಮೇತ ಹೊರಬರುತ್ತದೆ. ಅದನ್ನು ಹಾಗೇ ಬಿಟ್ಟರೆ ಘನ ಮೀಟರಿಗೆ 5 ಯೂನಿಟ್ ದಾಟುತ್ತದೆ. ಪ್ರೆಷರ್ ಎಕ್ಸ್‌ಚೇಂಜರ್ ಎಂಬ ತಿರುಗುವ ಸೆರಾಮಿಕ್ ರೋಟರ್ ಆ ಒತ್ತಡವನ್ನು ಒಳಬರುವ ನೀರಿಗೆ ದಾಟಿಸುತ್ತದೆ, ಕಳೆದುಹೋಗುವುದು ನೂರಕ್ಕೆ ಮೂರು–ನಾಲ್ಕು ಪಾಲು. ಹೀಗಾಗಿ ಸಮುದ್ರದಿಂದ ನೀರೆತ್ತುವ ಪಂಪಿನ ಖರ್ಚೂ ಸೇರಿ 3ರಿಂದ 3.5 ಯೂನಿಟ್‌ನಲ್ಲಿ 1,000 ಲೀಟರ್, ಅಂದರೆ 50 ಕ್ಯಾನ್ ಸಿಗುತ್ತದೆ. ನಮ್ಮ ಕಡೆ 300 ಅಡಿ ಬೋರಿನಿಂದ ಅಷ್ಟೇ ನೀರು ಎತ್ತಲು ಸಾಧಾರಣ ಪಂಪಿಗೆ ಅರ್ಧ ಯೂನಿಟ್ ಸಾಕು. ಬೀದರ್‌ನ ಸುರಂಗ ಬಾವಿಗಂತೂ ಯೂನಿಟ್ಟೇ ಬೇಡ, ಇಳಿಜಾರಿನಲ್ಲಿ ತಾನೇ ಹರಿದು ಬರುತ್ತದೆ.

ದಿನ ಶುರುವಾಗುವುದು ಬೆಳಿಗ್ಗೆ 6ಕ್ಕೆ, ರಾತ್ರಿ ಪಾಳಿಯವರ ಪುಸ್ತಕ ಓದುವುದರಿಂದ. ಯಾವ ಪಂಪು ನಿಂತಿತ್ತು, ಯಾವ ಅಲಾರಂ ಬಂತು, ಯಾರ ಪರ್ಮಿಟ್ (ರಿಪೇರಿ ಕೆಲಸಕ್ಕೆ ಬರೆದುಕೊಡುವ ಅನುಮತಿ ಚೀಟಿ) ಇನ್ನೂ ತೆರೆದಿದೆ. ಆಮೇಲೆ ಕಿವಿಗೆ ಪ್ಲಗ್ಗು, ಅದರ ಮೇಲೆ ಮಫ್ ಹಾಕಿಕೊಂಡು ಒಂದು ಸುತ್ತು. ಕಂಟ್ರೋಲ್ ರೂಮಿನ ಪರದೆಯಲ್ಲಿ ಎಲ್ಲ ಕಾಣುತ್ತದೆ ನಿಜ, ಆದರೆ ಪಂಪಿನ ಸೀಲ್‌ನಿಂದ ಹನಿ ತೊಟ್ಟಿಕ್ಕುವುದು ಕಾಣುವುದಿಲ್ಲ.

ಹೊಸಬರ ಪಾಲಿಗೆ ತಪ್ಪದೆ ಬರುವ ಕೆಲಸ ಎಸ್‌ಡಿಐ (ಸಿಲ್ಟ್ ಡೆನ್ಸಿಟಿ ಇಂಡೆಕ್ಸ್) ಪರೀಕ್ಷೆ, ಅಂದರೆ ನೀರಿನ ಸಣ್ಣ ಕೊಳೆ ಎಷ್ಟು ಬೇಗ ಫಿಲ್ಟರ್ ಕಟ್ಟಿಸುತ್ತದೆ ಎಂಬ ಅಳತೆ. 47 ಮಿಲಿಮೀಟರ್ ಅಗಲದ, 0.45 ಮೈಕ್ರಾನ್ ರಂಧ್ರದ ಫಿಲ್ಟರ್ ಕಾಗದದ ಮೂಲಕ 2.07 ಬಾರ್‌ನಲ್ಲಿ ನೀರು ಬಿಟ್ಟು, 500 ಮಿಲಿಲೀಟರ್ ತುಂಬಲು ಎಷ್ಟು ಸೆಕೆಂಡು ಎಂದು ನೋಡಬೇಕು. ನೀರು ನಿಲ್ಲಿಸದೆ 15 ನಿಮಿಷದ ಮೇಲೆ ಮತ್ತೊಮ್ಮೆ ನೋಡಬೇಕು. ಮೊದಲು 30 ಸೆಕೆಂಡು, ಆಮೇಲೆ 50 ಆದರೆ ಹರಿವು ನೂರಕ್ಕೆ 40 ಇಳಿದಂತೆ. ಅದನ್ನು 15 ನಿಮಿಷದಿಂದ ಭಾಗಿಸಿದರೆ ಎಸ್‌ಡಿಐ 2.67. ಮೂರರ ಒಳಗಿದ್ದರೆ ನೆಮ್ಮದಿ, ಐದು ಮುಟ್ಟಿದರೆ ಮೆಂಬ್ರೇನ್‌ಗೆ ಆ ನೀರು ಕೊಡಬಾರದು. ತಪ್ಪಾಗುವುದು ಬಹಳ ಸಣ್ಣದರಲ್ಲಿ: ಕಾಗದದ ಕೆಳಗೆ ಗಾಳಿಗುಳ್ಳೆ, ಮಡಚಿದ ಅಂಚು, ಬೆರಳಿನಿಂದ ಮುಟ್ಟಿದ ಕಾಗದ. ತೆಗೆದ ಕಾಗದದ ಬಣ್ಣವನ್ನೂ ನೋಡಿ. ಕೆಂಪು ಛಾಯೆ ಇದ್ದರೆ ಕಬ್ಬಿಣ, ಹಸಿರಿದ್ದರೆ ಪಾಚಿ. 2008–09ರಲ್ಲಿ ಕೊಲ್ಲಿಯಲ್ಲಿ ಪಾಚಿಯ ಕೆಂಪು ಅಲೆ ಎದ್ದಾಗ ಎಷ್ಟೋ ಘಟಕಗಳು ನಿಂತೇ ಹೋಗಿದ್ದವು.

ಹತ್ತು ಗಂಟೆಯಿಂದ ಅಂಕಿಗಳ ಕೆಲಸ, ಬಲೆ ಇರುವುದೂ ಅಲ್ಲೇ. ಮೆಂಬ್ರೇನ್‌ಗಳ ಒಂದು ಸಾಲಿನಲ್ಲಿ ಒತ್ತಡ ಇಳಿದಿದೆ, ಉತ್ಪಾದನೆ ಏರಿದೆ, ಯೂನಿಟ್ ಉಳಿದಿದೆ ಅಂದರೆ ಹೊಸಬರಿಗೆ ಖುಷಿಯೋ ಖುಷಿ. ಅನುಭವಿಗಳು ಮೊದಲು ಕೇಳುವುದು ಸಿಹಿನೀರಿನ ಕಂಡಕ್ಟಿವಿಟಿ (ನೀರಿನಲ್ಲಿ ವಿದ್ಯುತ್ ಹರಿಯುವ ಅಳತೆ, ಉಪ್ಪು ಹೆಚ್ಚಿದಷ್ಟೂ ಏರುತ್ತದೆ) ಎಷ್ಟು ಅಂತ. ಅದೂ ಏರಿದ್ದರೆ ಕ್ಲೋರಿನ್ ಮೆಂಬ್ರೇನ್ ತಿನ್ನುತ್ತಿರಬಹುದು. ಸಮುದ್ರದಿಂದ ನೀರೆಳೆಯುವ ಕೊಳವೆಯ ಬಾಯಲ್ಲಿ ಚಿಪ್ಪು, ಪಾಚಿ ಬೆಳೆಯದಿರಲಿ ಎಂದು ಕ್ಲೋರಿನ್ ಹಾಕುತ್ತಾರೆ. ಮೆಂಬ್ರೇನ್‌ನ ಪಾಲಿಅಮೈಡ್ ಪೊರೆಗೆ ಅದು ವಿಷ. ಅದಕ್ಕೇ ಮೆಂಬ್ರೇನ್‌ಗಿಂತ ಮೊದಲು ಸೋಡಿಯಂ ಮೆಟಾಬೈಸಲ್ಫೈಟ್ ಬೆರೆಸಿ ಕ್ಲೋರಿನ್ ಕೊಲ್ಲಬೇಕು. ಲೆಕ್ಕಕ್ಕೆ 1 ಮಿಲಿಗ್ರಾಂ ಕ್ಲೋರಿನ್‌ಗೆ 1.34 ಮಿಲಿಗ್ರಾಂ ಸಾಕು, ರೂಢಿಯಲ್ಲಿ 3 ಹಾಕುತ್ತಾರೆ. ಡೋಸಿಂಗ್ ಪಂಪಿನ ಹೀರುಕೊಳವೆಯಲ್ಲಿ ಗಾಳಿ ಸೇರಿದರೆ ಪಂಪು ಟಕಟಕ ಅನ್ನುತ್ತಲೇ ಇರುತ್ತದೆ, ಔಷಧ ಮಾತ್ರ ಹೋಗುವುದಿಲ್ಲ. ಕ್ಲೋರಿನ್ ಉಳಿದಿದ್ದರೆ ಏರುವ ಓಆರ್‌ಪಿ ಮೀಟರ್ ಏರಿತೇ ಎಂದು ಕಣ್ಣಿಟ್ಟಿರುವುದು ಇದಕ್ಕೇ. ಸುಟ್ಟ ಪೊರೆಯನ್ನು ತೊಳೆದು ಸರಿಮಾಡಲು ಬರುವುದಿಲ್ಲ.

ತೀರ್ಪು ಕೊಡುವ ಮೊದಲು ಸಮುದ್ರದ ಬಿಸಿ ನೋಡಬೇಕು. ಚಳಿಗಾಲದಲ್ಲಿ 20 ಡಿಗ್ರಿ ಇದ್ದ ನೀರು ಆಗಸ್ಟ್‌ನಲ್ಲಿ 34 ಮುಟ್ಟುತ್ತದೆ. ಒಂದು ಡಿಗ್ರಿಗೆ ಪೊರೆ ನೂರಕ್ಕೆ ಮೂರರಷ್ಟು ಹೆಚ್ಚು ನೀರು ಬಿಡುತ್ತದೆ, ಉಪ್ಪನ್ನೂ ಬಿಡುತ್ತದೆ. ಬಿಸಿ, ಒತ್ತಡ, ಟಿಡಿಎಸ್ ಮೂರನ್ನೂ ಒಂದೇ ಮಟ್ಟಕ್ಕೆ ತಂದು ಹೋಲಿಸುವುದಕ್ಕೆ ನಾರ್ಮಲೈಸೇಶನ್ ಅನ್ನುತ್ತಾರೆ. ಅದಿಲ್ಲದೆ ಜನವರಿಯನ್ನೂ ಜುಲೈಯನ್ನೂ ಪಕ್ಕದಲ್ಲಿಟ್ಟು ಮಾತಾಡುವುದು ಹರಟೆ. ಹಾಗೆ ಸರಿಪಡಿಸಿದ ಹರಿವು ನೂರಕ್ಕೆ 10 ಇಳಿದರೆ, ಇಲ್ಲವೇ ಮೆಂಬ್ರೇನ್ ಸಾಲಿನ ಎರಡು ತುದಿಗಳ ಒತ್ತಡದ ಅಂತರ ನೂರಕ್ಕೆ 15 ಏರಿದರೆ ತೊಳೆಯುವ ಹೊತ್ತು ಬಂತು.

ತೊಳೆಯುವುದರಲ್ಲಿ ಊರಿಗೂ ಇಲ್ಲಿಗೂ ವ್ಯತ್ಯಾಸವಿದೆ. ಸಮುದ್ರದ ನೀರಿನಲ್ಲಿ ಲೋಳೆ ಕಟ್ಟುವುದು ನೀರು ಮೊದಲು ಹೊಗುವ ಮೆಂಬ್ರೇನ್‌ಗಳಲ್ಲಿ. ಅದಕ್ಕೆ ಮೊದಲು ಕಾಸ್ಟಿಕ್ (ಕಾಸ್ಟಿಕ್ ಸೋಡಾ), ಪಿಎಚ್ 12ರ ಹತ್ತಿರ, 35 ಡಿಗ್ರಿ ಬಿಸಿಯಲ್ಲಿ. ಆಮೇಲೆ ಆಮ್ಲ. ಆಮ್ಲ ಮೊದಲು ಹಾಕಿದರೆ ಲೋಳೆ ಹೆಪ್ಪುಗಟ್ಟಿ ಇನ್ನಷ್ಟು ಅಂಟುತ್ತದೆ. ಶಹಾಬಾದ್, ಸೇಡಂ ಕಡೆಯ ಸುಣ್ಣದಕಲ್ಲಿನ ನೀರಿನಲ್ಲಿ ಸುಣ್ಣ ಕೂರುವುದು ಕೊನೆಯ ಮೆಂಬ್ರೇನ್‌ನಲ್ಲಿ, ಅದಕ್ಕೆ ಸಿಟ್ರಿಕ್ ಆಮ್ಲವೇ ಮೊದಲು. ಹಳ್ಳಿ ಘಟಕಗಳು ಮುಚ್ಚುವುದಕ್ಕೆ ಸುಣ್ಣ ಕೂರದಂತೆ ತಡೆಯುವ ಔಷಧದ (ಆಂಟಿಸ್ಕೇಲಂಟ್) ಡಬ್ಬಿ ಖಾಲಿಯಾಗಿದ್ದನ್ನು ಯಾರೂ ನೋಡದಿರುವುದೂ ಒಂದು ಕಾರಣ.

ಜೂನ್ 15ರಿಂದ ಸೆಪ್ಟೆಂಬರ್ 15ರವರೆಗೆ ಮಧ್ಯಾಹ್ನ 12:30ರಿಂದ 3ರತನಕ ಬಿಸಿಲಲ್ಲಿ ಕೆಲಸಕ್ಕೆ ಇಲ್ಲಿ ಕಾನೂನಿನ ತಡೆ ಇದೆ. ಕಲಬುರಗಿಯ 44 ಡಿಗ್ರಿ ಕಂಡವರು ನಗಬಹುದು. ಆದರೆ ಅದು ಒಣ ಬಿಸಿಲು, ಬೆವರು ಆರುತ್ತದೆ. ಇಲ್ಲಿ ಕಡಲ ತೇವಕ್ಕೆ ಬೆವರು ಆರುವುದೇ ಇಲ್ಲ. ಶೌಚಾಲಯದ ಗೋಡೆಗೆ ಮೂತ್ರದ ಬಣ್ಣದ ಪಟ್ಟಿ ಅಂಟಿಸಿರುವುದು ತಮಾಷೆಗಲ್ಲ, ಮೈಯಲ್ಲಿ ನೀರು ಕಡಿಮೆಯಾಗಿದೆಯೇ ಎಂದು ನೋಡಿಕೊಳ್ಳಲು.

ಮೂರು ಗಂಟೆಯ ಮೇಲೆ ಪ್ರೋಬಿಂಗ್. ಏಳು ಮೆಂಬ್ರೇನ್ ಸಾಲಾಗಿ ಕೂತ ಏಳು ಮೀಟರ್ ಉದ್ದದ ಕೊಳವೆಯ ಸಿಹಿನೀರಿನ ತುದಿಯಿಂದ ತೆಳ್ಳನೆಯ ನಳಿಕೆ ತೂರಿಸಿ ಮೀಟರಿಗೊಮ್ಮೆ ಕಂಡಕ್ಟಿವಿಟಿ ಅಳೆಯುತ್ತಾರೆ. ಎರಡು ಮೆಂಬ್ರೇನ್ ಕೂಡುವ ಜಾಗದಲ್ಲಿ ಅಂಕಿ ಜಿಗಿದರೆ ಓ-ರಿಂಗ್ ಕೆಟ್ಟಿದೆ. ಹೊಸದಕ್ಕೆ ಗ್ಲಿಸರಿನ್ ಸವರಬೇಕು, ಗ್ರೀಸ್ ಕೂಡದು. ಜೊತೆಗಿರುವ ಟೆಕ್ನಿಷಿಯನ್ ಪೇಶಾವರದವರೋ ಹೈದರಾಬಾದಿನವರೋ ಆಗಿದ್ದರೆ ನಮ್ಮ ಕಡೆಯ ದಖನಿ ಉರ್ದು ಇಂಗ್ಲಿಷಿಗಿಂತ ಬೇಗ ಕೆಲಸ ಮುಗಿಸುತ್ತದೆ.

ಸಂಜೆ ಪರ್ಮಿಟ್ ಮುಚ್ಚಿ, ಕೆಲಸದ ಹೊತ್ತಲ್ಲಿ ಯಂತ್ರ ಯಾರೂ ಚಾಲು ಮಾಡದಂತೆ ಹಾಕಿದ್ದ ಬೀಗ ತೆಗೆದು, ಆ ದಿನದ ಯೂನಿಟ್ ಭಾಗಿಸು ಘನ ಮೀಟರ್ ಬರೆದು ಪಾಳಿ ಒಪ್ಪಿಸಬೇಕು.

ಇತ್ತ ಬರುವ ಯೋಚನೆ ಇರುವವರು ಸರ್ಟಿಫಿಕೇಟ್ ಕೋರ್ಸಿಗೆ ದುಡ್ಡು ಸುರಿಯುವ ಮೊದಲು ಕೆಲವೇ ನೂರು ರೂಪಾಯಿಯ ಟಿಡಿಎಸ್ ಮೀಟರ್ ಕೊಂಡು ಊರ ಘಟಕಕ್ಕೆ ಹೋಗಿ. ಬೋರಿನ ನೀರು, ಸಿಹಿನೀರು, ಚರಂಡಿಯ ನೀರು ಮೂರನ್ನೂ ಅಳೆಯಿರಿ. ಬಕೆಟ್ಟು, ಮೊಬೈಲ್ ಗಡಿಯಾರ ಇಟ್ಟುಕೊಂಡು ಹರಿವು ನೋಡಿ. 2,000 ಟಿಡಿಎಸ್‌ನ 2 ಲೀಟರ್ ಒಳಗೆ ಹೋಗಿ 100ರ 1 ಲೀಟರ್ ಸಿಹಿನೀರು ಬಂದರೆ ಚರಂಡಿಯದು 3,900 ಇರಲೇಬೇಕು. ತಾಳೆಯಾಗದಿದ್ದರೆ ಬಕೆಟ್ಟಿನ ಅಳತೆ ತಪ್ಪಿದೆ, ಇಲ್ಲವೇ ಮೀಟರಿನ ತುದಿ ಒರೆಸಿಲ್ಲ.