ಬಳಗದ ಚರ್ಚೆಗೆ ಕಾಯಂ ಜಾಗ ಯಾವುದಾಗಬೇಕು?

ಪುಣೆಯಲ್ಲಿ ನೆಲೆಸಿರುವ ಕನ್ನಡಿಗರ ಪೈಕಿ ಲಿನಕ್ಸ್ ಎಂಬ ಕಾರ್ಯಾಚರಣಾ ವ್ಯವಸ್ಥೆಯನ್ನು ಬಳಸುವ ಕೆಲವರು ಸೇರಿ ಕಟ್ಟಿಕೊಂಡಿರುವ ನಮ್ಮ ಬಳಗದಲ್ಲಿ, ಮಾತುಕತೆಗೆ ಕಾಯಂ ಆದ ಒಂದು ಜಾಗವನ್ನು ಅಂತರಜಾಲದಲ್ಲಿ ಎಲ್ಲಿ ಮಾಡಿಕೊಳ್ಳಬೇಕು ಎಂಬ ಪ್ರಶ್ನೆ ಈಚೆಗೆ ಮತ್ತೆ ಮತ್ತೆ ಏಳುತ್ತಿದೆ. ಹಿಂಜವಡಿಯ ಕಂಪನಿಗಳಲ್ಲಿ ಕೆಲಸ ಮಾಡುವ ಕಿರಿಯರು ಡಿಸ್ಕಾರ್ಡ್ ಅಥವಾ ಸ್ಲ್ಯಾಕ್ ಎಂಬ ಚಾಟ್ ವೇದಿಕೆ ಬೇಕೆನ್ನುತ್ತಾರೆ, ಹಿರಿಯರಿಗೆ ಈಮೇಲ್ ಒಗ್ಗಿದೆ, ಉಳಿದವರಲ್ಲಿ ಹೆಚ್ಚಿನವರಿಗೆ ವಾಟ್ಸ್‌ಆ್ಯಪ್ ಸಾಕು. ಮುಂದಿನ ಸಭೆಯಲ್ಲಿ ತೀರ್ಮಾನ ಆಗಬೇಕಿರುವುದರಿಂದ ನನ್ನ ಅಭಿಪ್ರಾಯವನ್ನು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ತಾಂತ್ರಿಕ ಬಳಗದಲ್ಲಿ ಒಬ್ಬರು ಕೇಳುವ ಪ್ರಶ್ನೆ ಅವರೊಬ್ಬರದೇ ಆಗಿರುವುದಿಲ್ಲ, ಅದೇ ತೊಡಕು ಮುಂದೆ ಇನ್ನೂ ಹಲವರಿಗೆ ಎದುರಾಗುತ್ತದೆ. ಆದ್ದರಿಂದ ಉತ್ತರ ಎಷ್ಟು ಬೇಗ ಸಿಗುತ್ತದೆ ಎಂಬುದಕ್ಕಿಂತ, ಸಿಕ್ಕ ಉತ್ತರ ಎಲ್ಲಿ ಉಳಿಯುತ್ತದೆ, ಯಾರ ಕೈಗೆಟುಕುತ್ತದೆ ಎಂಬುದನ್ನು ನಾವು ಮೊದಲು ನೋಡಬೇಕು ಎಂಬುದು ನನ್ನ ನಿಲುವು.

ಒಂದು ಉದಾಹರಣೆ ಕೊಡುತ್ತೇನೆ. ಕಳೆದ ಮಳೆಗಾಲದಲ್ಲಿ ಪಿಂಪ್ರಿ ಕಡೆಯ ಶಿಕ್ಷಕಿಯೊಬ್ಬರು ತಮ್ಮ ಹಳೆಯ ಪ್ರಶ್ನೆಪತ್ರಿಕೆಯನ್ನು ಲಿಬ್ರೆಆಫೀಸ್ ಎಂಬ ಕಚೇರಿ ತಂತ್ರಾಂಶದಲ್ಲಿ ತೆರೆದಾಗ ಕನ್ನಡದ ಬದಲು ಅರ್ಥವಾಗದ ಲ್ಯಾಟಿನ್ ಅಕ್ಷರಗಳು ಕಾಣಿಸಿಕೊಂಡವು. ಕಡತವನ್ನು ಯೂನಿಕೋಡ್ (ಎಲ್ಲ ಕಂಪ್ಯೂಟರುಗಳಿಗೂ ಸಾಮಾನ್ಯವಾದ ಅಕ್ಷರ ಸಂಕೇತ) ಅಲ್ಲದ ಹಳೆಯ ಫಾಂಟಿನಲ್ಲಿ ಬರೆದಿದ್ದರು, ಅದನ್ನು ಪರಿವರ್ತಕದ ಮೂಲಕ ಯೂನಿಕೋಡಿಗೆ ತಂದು ಲೋಹಿತ್ ಕನ್ನಡದಂಥ ಫಾಂಟನ್ನು ಆರಿಸಿದರೆ ಸಮಸ್ಯೆ ಮುಗಿಯುತ್ತಿತ್ತು. ನಮ್ಮ ಮೊಬೈಲ್ ಗುಂಪಿನಲ್ಲಿ ಕೇಳಿದ ಸ್ವಲ್ಪ ಹೊತ್ತಿನಲ್ಲೇ ಬಲ್ಲವರು ಧ್ವನಿ ಸಂದೇಶಗಳಲ್ಲಿ ಒಂದೊಂದು ಹೆಜ್ಜೆಯನ್ನೂ ತಾಳ್ಮೆಯಿಂದ ವಿವರಿಸಿದರು. ದೀಪಾವಳಿಯ ಹೊತ್ತಿಗೆ ಇನ್ನೊಬ್ಬರು ಅದನ್ನೇ ಕೇಳಿದಾಗ ಆ ವಿವರಣೆ ಯಾರಿಗೂ ಸಿಗಲಿಲ್ಲ, ಏಕೆಂದರೆ ಧ್ವನಿಯಲ್ಲಿ ಹೇಳಿದ್ದನ್ನು ಪದ ಹಾಕಿ ಹುಡುಕಲಾಗುವುದಿಲ್ಲ, ಹೊಸದಾಗಿ ಸೇರಿದವರಿಗೆ ಹಿಂದಿನ ಸಂಭಾಷಣೆ ಪೂರ್ತಿಯಾಗಿ ಕಾಣಿಸುವುದೂ ಇಲ್ಲ. ತಿಳಿದವರು ಮತ್ತೆ ಮೊದಲಿನಿಂದ ಹೇಳಬೇಕಾಯಿತು. ಹೀಗೆ ಹೇಳಿದ್ದನ್ನೇ ಹೇಳಿ ದಣಿದು ಅವರು ಮೌನವಾಗತೊಡಗಿದರೆ ಬಳಗವೇ ಬಡವಾಗುತ್ತದೆ.

ಚಾಟ್ ವೇದಿಕೆಗಳಲ್ಲಿ ಬಹುತೇಕ ಎಲ್ಲಕ್ಕೂ ಈ ಮಿತಿ ಒಂದಲ್ಲ ಒಂದು ಬಗೆಯಲ್ಲಿ ಇದೆ. ಸ್ಲ್ಯಾಕಿನ ಉಚಿತ ಯೋಜನೆಯಲ್ಲಿ 2022ರ ಸೆಪ್ಟೆಂಬರಿನಿಂದ ಕಳೆದ 90 ದಿನಗಳ ಸಂದೇಶಗಳಷ್ಟೇ ಕಾಣುತ್ತವೆ. ಡಿಸ್ಕಾರ್ಡಿನಲ್ಲಿ ನಡೆಯುವ ಮಾತುಕತೆ ಲಾಗಿನ್ ಆದವರಿಗಷ್ಟೇ ಕಾಣುವುದರಿಂದ ಗೂಗಲ್‌ನಂಥ ಹುಡುಕು ತಾಣಗಳಿಗೆ ಸಿಗುವುದಿಲ್ಲ. ವಾಟ್ಸ್‌ಆ್ಯಪ್ ಗುಂಪಿನಲ್ಲಿ 1,024 ಮಂದಿಯ ಮಿತಿ ನಮಗೆ ಅಡ್ಡಿಯಲ್ಲ, ಆದರೆ ಪ್ರತಿಯೊಬ್ಬರ ಫೋನ್ ನಂಬರು ಅಪರಿಚಿತರಿಗೂ ಕಾಣುತ್ತದೆ ಎಂಬ ಹೆಣ್ಣುಮಕ್ಕಳ ಆಕ್ಷೇಪ ನ್ಯಾಯವಾದುದು. ಟೆಲಿಗ್ರಾಂ ಇವುಗಳಿಗಿಂತ ಮೇಲು, ಆದರೂ ಅಲ್ಲಿ ಒಬ್ಬರ ಪ್ರಿಂಟರ್ ಸಮಸ್ಯೆಯ ನಡುವೆ ಇನ್ನೊಬ್ಬರ ವೈ-ಫೈ ಸಮಸ್ಯೆ ತೂರಿಕೊಂಡು ಎರಡರ ಎಳೆಯೂ ತಪ್ಪುತ್ತದೆ.

ಎರಡನೆಯ ಮುಖ್ಯ ಸಂಗತಿ ಒಡೆತನ. ಸಾಮಾಜಿಕ ಜಾಲತಾಣಗಳಾದ ಆರ್ಕುಟ್ 2014ರ ಸೆಪ್ಟೆಂಬರಿನಲ್ಲಿ, ಗೂಗಲ್ ಪ್ಲಸ್ 2019ರ ಏಪ್ರಿಲಿನಲ್ಲಿ ಮುಚ್ಚಿದವು. ಗುಂಪು ಚರ್ಚೆಯ ತಾಣವಾಗಿದ್ದ ಯಾಹೂ ಗ್ರೂಪ್ಸ್ 2019ರ ಡಿಸೆಂಬರಿನಲ್ಲಿ ಹಳೆಯ ಬರಹಗಳನ್ನು ತೆಗೆದುಹಾಕಿ, ಮುಂದಿನ ಡಿಸೆಂಬರಿನಲ್ಲಿ ಸೇವೆಯನ್ನೇ ನಿಲ್ಲಿಸಿತು. ಇದಕ್ಕೆ ಎದುರಾಗಿ 2021ರಲ್ಲಿ ಫ್ರೀನೋಡ್ ಎಂಬ, ಪಠ್ಯದಲ್ಲಿ ಹರಟುವ ಹಳೆಯ ಪದ್ಧತಿಯಾದ ಐಆರ್‌ಸಿ ಜಾಲದ ಆಡಳಿತದಲ್ಲಿ ಬಿಕ್ಕಟ್ಟು ಎದ್ದಾಗ ಅದನ್ನು ನಡೆಸುತ್ತಿದ್ದ ಸ್ವಯಂಸೇವಕರು ಹೊರಬಂದು ಲಿಬೆರಾ ಚಾಟ್ ಎಂಬ ಹೊಸ ಜಾಲ ಕಟ್ಟಿದರು, ಯಾರು ಬೇಕಾದರೂ ಬಳಸಿ ತಿದ್ದಬಹುದಾದ ಮುಕ್ತ ತಂತ್ರಾಂಶಗಳ ಅನೇಕ ಯೋಜನೆಗಳು ಕೆಲವೇ ವಾರಗಳಲ್ಲಿ ಅಲ್ಲಿಗೆ ಸಾಗಿದವು. 1988ರಿಂದ ಬಳಕೆಯಲ್ಲಿರುವ ಐಆರ್‌ಸಿ ಯಾವ ಒಂದು ಕಂಪನಿಯ ಸೊತ್ತೂ ಅಲ್ಲವಾದ್ದರಿಂದ ಅದು ಸಾಧ್ಯವಾಯಿತು. ಗಂಟುಮೂಟೆ ಕಟ್ಟಿಕೊಂಡು ಹೊರಡುವ ಅವಕಾಶವಿಲ್ಲದ ಜಾಗದಲ್ಲಿ ವರ್ಷಗಟ್ಟಲೆಯ ದುಡಿಮೆಯನ್ನು ಇಡಬಾರದು.

ಈ ದೃಷ್ಟಿಯಿಂದ ಈಮೇಲ್ ಪಟ್ಟಿಯ (ಒಂದು ವಿಳಾಸಕ್ಕೆ ಬರೆದ ಪತ್ರ ಎಲ್ಲ ಸದಸ್ಯರಿಗೂ ತಲುಪುವ ವ್ಯವಸ್ಥೆ) ಪರ ಇರುವವರ ವಾದದಲ್ಲಿ ಹುರುಳಿದೆ. ಅಲ್ಲಿ ಪ್ರತಿ ಸದಸ್ಯರ ಬಳಿಯೂ ಒಂದು ಪ್ರತಿ ಉಳಿಯುತ್ತದೆ, ಲಿನಕ್ಸಿನ ತಿರುಳಾದ ಕರ್ನಲ್‌ನ ಅಭಿವೃದ್ಧಿ ಇಂದಿಗೂ ಬಹುಮಟ್ಟಿಗೆ ಈಮೇಲ್ ಮೂಲಕವೇ ನಡೆಯುತ್ತದೆ. ಆದರೆ 2014ರಲ್ಲಿ ದೊಡ್ಡ ಈಮೇಲ್ ಸೇವೆಗಳು ಪತ್ರ ಕಳಿಸಿದವರ ಗುರುತನ್ನು ಪರಿಶೀಲಿಸುವ ಡಿಮಾರ್ಕ್ ನಿಯಮವನ್ನು ಬಿಗಿಗೊಳಿಸಿದ ಮೇಲೆ, ಪಟ್ಟಿಯ ಮೂಲಕ ಹಾದುಹೋಗುವ ಪತ್ರಗಳನ್ನು ನಕಲಿ ಎಂದು ತಿರಸ್ಕರಿಸುವುದು ಹೆಚ್ಚಾಯಿತು. ಸ್ವಂತ ಸರ್ವರಿನಿಂದ ಪತ್ರಗಳು ಸ್ಪ್ಯಾಮ್ ಪೆಟ್ಟಿಗೆಗೆ ಬೀಳದಂತೆ ಕಾಯುವುದು ಬಿಡುವಿಲ್ಲದ ಕೆಲಸ.

ಹೀಗಾಗಿ ನನ್ನ ಒಲವು 2013ರಲ್ಲಿ ಬಂದ ಡಿಸ್ಕೋರ್ಸ್ ಕಡೆಗಿದೆ. ಅದು ಚರ್ಚಾ ತಾಣಗಳನ್ನು ನಡೆಸುವ ಮುಕ್ತ ತಂತ್ರಾಂಶ. ಪ್ರತಿ ಪ್ರಶ್ನೆಗೂ ಅಲ್ಲಿ ಪ್ರತ್ಯೇಕ ಪುಟ ಇರುತ್ತದೆ, ಲಾಗಿನ್ ಆಗದವರೂ ಓದಬಹುದು, ಸರಿಯಾಗಿ ಹೊಂದಿಸಿದರೆ ಹಿರಿಯರು ಈಮೇಲಿನಿಂದಲೇ ಉತ್ತರಿಸಬಹುದು, ಎಲ್ಲಕ್ಕೂ ಮಿಗಿಲಾಗಿ ಇಡೀ ಸಂಗ್ರಹವನ್ನು ಬ್ಯಾಕಪ್ ಮಾಡಿ ಇಳಿಸಿಕೊಳ್ಳಬಹುದು. ಪೈಥಾನ್ ಎಂಬ ಪ್ರೋಗ್ರಾಮಿಂಗ್ ಭಾಷೆಯನ್ನು ರೂಪಿಸುವವರ ಚರ್ಚೆಯೂ ಈಮೇಲ್ ಪಟ್ಟಿಯಿಂದ ಅಲ್ಲಿಗೇ ಬಂದಿದೆ. ಸರ್ವರಿನ ತಿಂಗಳ ಬಾಡಿಗೆ ಮತ್ತು ನವೀಕರಣದ ಹೊಣೆ ಮಾತ್ರ ನಮ್ಮ ಮೇಲೆ ಬೀಳುತ್ತದೆ.

ತೀರ್ಮಾನಿಸುವ ಮೊದಲು ಕನ್ನಡದ ಹುಡುಕಾಟವನ್ನು ಪರೀಕ್ಷಿಸಲೇಬೇಕು. ‘ಸಾಫ್ಟ್‌ವೇರ್’ ಎಂದು ಬರೆಯುವಾಗ ಕೆಲವರು ನಡುವೆ ಕಣ್ಣಿಗೆ ಕಾಣದ ಜೋಡಣೆ-ತಡೆ ಅಕ್ಷರವನ್ನು ಒತ್ತುತ್ತಾರೆ, ಇನ್ನು ಕೆಲವರು ಒತ್ತದೆ ‘ಸಾಫ್ಟ್ವೇರ್’ ಎಂದು ಬರೆಯುತ್ತಾರೆ. ಓದುವವರಿಗೆ ಎರಡೂ ಒಂದೇ ಆದರೂ ಕಂಪ್ಯೂಟರಿಗೆ ಇವು ಬೇರೆ ಬೇರೆ ಪದಗಳು. ವಿಭಕ್ತಿ ಸೇರಿ ‘ಕೀಲಿಮಣೆ’ಯು ‘ಕೀಲಿಮಣೆಯಲ್ಲಿ’ ಆದಾಗಲೂ ಅದು ಸಿಗುತ್ತದೆಯೇ ನೋಡಬೇಕು. ಇಲ್ಲೇ ಹುಟ್ಟಿ ಬೆಳೆದ ನಮ್ಮ ಮಕ್ಕಳಲ್ಲಿ ಅನೇಕರು ಕನ್ನಡವನ್ನು ಸರಾಗವಾಗಿ ಮಾತನಾಡಿದರೂ ಬರೆಯುವುದು ದೇವನಾಗರಿ ಅಥವಾ ಇಂಗ್ಲಿಷ್ ಲಿಪಿಯಲ್ಲಿ. ಅವರನ್ನು ತಡೆಯದೆ, ಶೀರ್ಷಿಕೆಯನ್ನು ಮಾತ್ರ ಯಾರಾದರೂ ಕನ್ನಡ ಲಿಪಿಗೆ ತಿದ್ದಿಕೊಡುವ ಪದ್ಧತಿ ಇಟ್ಟುಕೊಳ್ಳುವುದು ಒಳ್ಳೆಯದು.

ಈಗಿರುವ ನಮ್ಮ ಟೆಲಿಗ್ರಾಂ ಗುಂಪನ್ನು ಮುಚ್ಚಬೇಕೆಂದು ನಾನು ಹೇಳುತ್ತಿಲ್ಲ. ಸಭೆಯ ಸೂಚನೆಗೆ, ತುರ್ತು ಸಹಾಯಕ್ಕೆ ಅದು ಇರಲಿ, ಅಲ್ಲಿ ಬಗೆಹರಿದ ಪ್ರಶ್ನೆಯನ್ನು ಕೇಳಿದವರೇ ನಾಲ್ಕು ಸಾಲಿನಲ್ಲಿ ಡಿಸ್ಕೋರ್ಸಿಗೆ ಏರಿಸಲಿ. ತಾಣದ ವಿಳಾಸವಾದ ಡೊಮೈನ್ ಹೆಸರನ್ನು ಒಬ್ಬರ ಖಾಸಗಿ ಖಾತೆಯಲ್ಲಿ ನೋಂದಾಯಿಸದೆ ಕನಿಷ್ಠ ಇಬ್ಬರ ಕೈಯಲ್ಲಿಡಬೇಕು, ಬ್ಯಾಕಪ್ ಪ್ರತಿಗಳೂ ಎರಡು ಬೇರೆ ಮನೆಗಳಲ್ಲಿ ಇರಬೇಕು. ಈ ಹೊಣೆ ಹೊರಲು ಯಾರು ಸಿದ್ಧರಿದ್ದಾರೆ ಎಂಬುದನ್ನು ಸಭೆಯಲ್ಲಿ ಎಲ್ಲಕ್ಕಿಂತ ಮೊದಲು ಕೇಳೋಣ. ಒಂದು ಬ್ಯಾಕಪ್ ಪ್ರತಿಯನ್ನು ನಾನು ಇಟ್ಟುಕೊಳ್ಳುತ್ತೇನೆ.