ಮದ್ದಿಲ್ಲದ ಸೇನೆ ಎಂಟು ವರ್ಷ ನಿಂತದ್ದು ಹೇಗೆ

1775ರ ಆಗಸ್ಟ್‌ನಲ್ಲಿ ಅಮೆರಿಕದ ಸ್ವಾತಂತ್ರ್ಯ ಯುದ್ಧದ ಮೊದಲ ವರ್ಷ, ಬ್ರಿಟಿಷರು ಹಿಡಿದಿದ್ದ ಬಾಸ್ಟನ್ ಮುತ್ತಿ ಕೂತಿದ್ದ ಬಂಡುಕೋರರ ಸೇನಾಪತಿ ಜಾರ್ಜ್ ವಾಷಿಂಗ್ಟನ್‌ಗೆ ಉಗ್ರಾಣದ ಲೆಕ್ಕ ಬಂತು. ಮ್ಯಾಸಚೂಸೆಟ್ಸ್‌ನವರ ಬಳಿ 300ಕ್ಕೂ ಹೆಚ್ಚು ಪೀಪಾಯಿ ಕೋವಿ ಮದ್ದಿದೆ ಎಂದು ಎಲ್ಲರೂ ನಂಬಿದ್ದರು. ಆ ಅಂಕಿಯಲ್ಲಿ ಆಗಲೇ ಸುಟ್ಟು ಮುಗಿಸಿದ್ದೂ ಸೇರಿತ್ತು. ಉಳಿದದ್ದು 36 ಪೀಪಾಯಿ. ಬೇರೆ ವಸಾಹತುಗಳದ್ದನ್ನೂ ಕೂಡಿಸಿ ಹಂಚಿದರೆ ಒಬ್ಬ ಸಿಪಾಯಿಗೆ ಒಂಬತ್ತು ಸುತ್ತು. ಸುದ್ದಿ ಕೇಳಿದ ವಾಷಿಂಗ್ಟನ್ ಅರ್ಧ ಗಂಟೆ ತುಟಿ ಬಿಚ್ಚಲಿಲ್ಲವೆಂದು ಜನರಲ್ ಸಲಿವನ್ ಬರೆದಿಟ್ಟಿದ್ದಾನೆ. ಎರಡು ತಿಂಗಳ ಹಿಂದೆ ಬಂಕರ್ ಹಿಲ್‌ನಲ್ಲಿ ಬ್ರಿಟಿಷರ ಎರಡು ದಾಳಿಗಳನ್ನು ಹಿಮ್ಮೆಟ್ಟಿಸಿದ ರೈತರು ಮೂರನೆಯದಕ್ಕೆ ಗುಡ್ಡ ಬಿಟ್ಟುಕೊಟ್ಟದ್ದೂ ಮದ್ದು ಮುಗಿದದ್ದರಿಂದಲೇ.

ಅಮೆರಿಕದ ಸ್ವಾತಂತ್ರ್ಯ ಯುದ್ಧದ ಬಗ್ಗೆ ಓದುವಾಗ ಘೋಷಣೆ, ಭಾಷಣ, ಸಹಿಗಳ ಕಥೆ ಬೇಕಾದಷ್ಟು ಸಿಗುತ್ತದೆ. ನನಗೆ ಅದಕ್ಕಿಂತ ದೊಡ್ಡದಾಗಿ ಕಾಣುವುದು ಈ ಉಗ್ರಾಣದ ಲೆಕ್ಕ. ಯುದ್ಧವನ್ನು ಮೊದಲು ಉಳಿಸಿದ್ದು, ಕೊನೆಗೆ ಗೆಲ್ಲಿಸಿದ್ದು ಸರಕು ಸಾಗಣೆ.

ಮದ್ದು ಎಂದರೆ ತೂಕದಲ್ಲಿ ಸುಮಾರು 75 ಪಾಲು ಪೆಟ್ಲುಪ್ಪು (ಪೊಟ್ಯಾಸಿಯಂ ನೈಟ್ರೇಟ್), 15 ಪಾಲು ಇದ್ದಿಲು, 10 ಪಾಲು ಗಂಧಕ. ಕಷ್ಟವಿದ್ದದ್ದು ಪೆಟ್ಲುಪ್ಪಿನದು. ಬ್ರಿಟನ್ನಿಗೆ ಆ ಚಿಂತೆ ಇರಲಿಲ್ಲ. ಪ್ಲಾಸಿ ಕದನದ ನಂತರ ಬಿಹಾರದ ಪೆಟ್ಲುಪ್ಪು ಈಸ್ಟ್ ಇಂಡಿಯಾ ಕಂಪನಿಯ ಹಿಡಿತದಲ್ಲಿತ್ತು. ವಸಾಹತಿನವರು ಮಾತ್ರ ಕೊಟ್ಟಿಗೆಯ ಮಣ್ಣನ್ನು ಕೆರೆಯಬೇಕಾಯಿತು. 1775ರಲ್ಲಿ ಅವರ ಪ್ರತಿನಿಧಿ ಸಭೆಯಾದ ಕಾಂಗ್ರೆಸ್ ಇದಕ್ಕೆಂದೇ ಕೈಪಿಡಿ ಅಚ್ಚು ಹಾಕಿಸಿ ಹಂಚಿತು. ಗಂಜಲ ಇಂಗಿದ ಹಳೆಯ ಮಣ್ಣನ್ನು ತೊಟ್ಟಿಗೆ ತುಂಬಿ ನೀರು ಹೊಯ್ಯಬೇಕು, ಇಳಿದ ತಿಳಿಗೆ ಮರದ ಬೂದಿ ಬೆರೆಸಬೇಕು, ಕುದಿಸಿ ಬತ್ತಿಸಿ ಆರಲು ಬಿಡಬೇಕು. ತಣಿದ ಮೇಲೆ ಸೂಜಿಯಂಥ ಹರಳು ಕೂರುತ್ತದೆ. ಬೂದಿಯನ್ನು ಕಡಿಮೆ ಹಾಕಿದರೆ ಸುಣ್ಣದ ಅಂಶದ ನೈಟ್ರೇಟ್ ಹಾಗೇ ಉಳಿದು ಗಾಳಿಯ ತೇವ ಹೀರುತ್ತದೆ. ಅಡುಗೆ ಉಪ್ಪು ಬೆರೆತು ಉಳಿದರೂ ಮದ್ದು ತಂಡಿ ಹಿಡಿಯುತ್ತದೆ. ಮೂರನ್ನೂ ಒದ್ದೆಯಾಗಿಯೇ ಅರೆದು, ಹಿಂಡಿ, ಕಾಳು ಕಾಳಾಗಿ ಒಡೆಯಬೇಕು. ಬರೀ ಪುಡಿಯಾಗಿ ಬಿಟ್ಟರೆ ಗಾಡಿಯ ಕುಲುಕಿಗೆ ಮೂರೂ ಬೇರೆಬೇರೆಯಾಗಿ ಕೂರುತ್ತವೆ, ಬೆಂಕಿಯೂ ಒಂದೇ ಸಮ ಹರಡುವುದಿಲ್ಲ.

ಇಷ್ಟು ಒದ್ದಾಡಿದರೂ ಮೊದಲ ಎರಡೂವರೆ ವರ್ಷ ಅವರು ಸುಟ್ಟ ಮದ್ದಿನಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹೊರಗಿನದು. ವೆಸ್ಟ್ ಇಂಡೀಸ್‌ನ ಸೇಂಟ್ ಯುಸ್ಟೇಷಿಯಸ್ ಎಂಬ ಡಚ್ಚರ ಪುಟ್ಟ ದ್ವೀಪದಿಂದ ವ್ಯಾಪಾರಿಗಳು ಒಳ್ಳೆಯ ಲಾಭ ಇಟ್ಟು ಕಳಿಸುತ್ತಿದ್ದರು. ಫ್ರಾನ್ಸ್ ಬೇನಾಮಿ ಕಂಪನಿಯೊಂದನ್ನು ತೆರೆಸಿ 1776ರಿಂದಲೇ ಗುಟ್ಟಾಗಿ ಕೋವಿ, ಫಿರಂಗಿ, ಮದ್ದು ಸಾಗಿಸಿತು. ಸೀಸ ಸಿಕ್ಕಲ್ಲಿ ಬಿಡುತ್ತಿರಲಿಲ್ಲ. 1776ರ ಜುಲೈ 9ರಂದು ನ್ಯೂಯಾರ್ಕ್‌ನಲ್ಲಿ ಕೆಡವಿದ ಮೂರನೇ ಜಾರ್ಜ್ ದೊರೆಯ ಸೀಸದ ಪ್ರತಿಮೆ ಕನೆಕ್ಟಿಕಟ್‌ನಲ್ಲಿ ಕರಗಿ 42,088 ಗುಂಡುಗಳಾಯಿತು.

ಕೋವಿಯ ಕೆಲಸವನ್ನು ಹತ್ತಿರದಿಂದ ನೋಡಿದರೆ ಒಂಬತ್ತು ಸುತ್ತು ಎಷ್ಟು ಕಡಿಮೆ ಎಂಬುದು ಗೊತ್ತಾಗುತ್ತದೆ. ಬ್ರಿಟಿಷರ ಕೋವಿಯ ನಳಿಗೆ ಸುಮಾರು 19 ಮಿಲಿಮೀಟರ್ ಅಗಲ, ಗುಂಡು 17.5. ಕಾಗದದ ತೋಟೆಯೊಳಗೆ ಗುಂಡು ಮತ್ತು ಸುಮಾರು 10 ಗ್ರಾಂ ಮದ್ದು. ತೋಟೆಯ ತುದಿಯನ್ನು ಹಲ್ಲಿನಿಂದ ಕಚ್ಚಿ ಹರಿ, ಪಕ್ಕದ ಬಟ್ಟಲಿಗೆ ಚಿಟಿಕೆ ಮದ್ದು ಸುರಿದು ಮುಚ್ಚು, ಮಿಕ್ಕದ್ದನ್ನು ನಳಿಗೆಗೆ ಹುಯ್ದು ಗುಂಡನ್ನೂ ಕಾಗದವನ್ನೂ ಸರಳಿನಿಂದ ಗಿಡಿ, ಸರಳು ಹಿಂದಕ್ಕೆ ಸಿಕ್ಕಿಸು, ಚಕಮಕಿ ಕಲ್ಲು ಕಚ್ಚಿದ ಕುದುರೆ ಎಳೆ, ಹಾರಿಸು. ಪಳಗಿದವನಿಗೆ ನಿಮಿಷಕ್ಕೆ ಮೂರು ಸುತ್ತು. ಅಂದರೆ ಒಂಬತ್ತು ಸುತ್ತಿಗೆ ಮೂರೇ ನಿಮಿಷ! ಗುಂಡನ್ನು ಸಡಿಲವಾಗಿಟ್ಟದ್ದು ಬೇಕೆಂದೇ: ಹಾರಿಸಿದಷ್ಟೂ ನಳಿಗೆಯೊಳಗೆ ಮಸಿ ಕಟ್ಟುತ್ತದೆ, ಬಿಗಿ ಗುಂಡು ಒಳಗಿಳಿಯುವುದಿಲ್ಲ. ಆ ಸಡಿಲಿಕೆಯ ಬೆಲೆ ಗುರಿ. ನೂರು ಗಜ ದಾಟಿದರೆ ಒಬ್ಬನಿಗೆ ಗುರಿಯಿಟ್ಟು ಪ್ರಯೋಜನವಿಲ್ಲ, ಅದಕ್ಕೇ ಸಾಲುಗಟ್ಟಿ ಒಟ್ಟಿಗೆ ಹಾರಿಸುತ್ತಿದ್ದರು. ಚಕಮಕಿ ಕಲ್ಲು ಮೊಂಡಾದರೆ, ಬಟ್ಟಲಿನ ಬೆಂಕಿ ನಳಿಗೆಗೆ ಹೋಗುವ ಕಿವಿಯ ತೂತಿಗೆ ಮಸಿ ತುಂಬಿದರೆ, ಮಳೆ ಬಿದ್ದರೆ ಕೋವಿ ಬರೀ ಕೋಲು. ಗುಡ್ಡಗಾಡಿನವರ ರೈಫಲ್ ದೂರಕ್ಕೆ ಹೊಡೆಯುತ್ತಿತ್ತು, ಆದರೆ ತುಂಬಲು ಹೆಚ್ಚು ಹೊತ್ತು ಬೇಕು, ಬಯೊನೆಟ್ (ಕೋವಿ ತುದಿಯ ಚೂರಿ) ಸಿಕ್ಕಿಸಲು ಬರುವುದಿಲ್ಲ. ಪೊದೆ ಮರೆಯ ರೈಫಲ್‌ನಿಂದಲೇ ಯುದ್ಧ ಗೆದ್ದರೆಂಬ ಮಾತನ್ನು ನಾನು ಒಪ್ಪುವುದಿಲ್ಲ.

ಬಾಸ್ಟನ್ನಿನಿಂದ ಬ್ರಿಟಿಷರನ್ನು ಎಬ್ಬಿಸಿದ್ದು ಹೆನ್ರಿ ನಾಕ್ಸ್ ಎಂಬ 25ರ ಪುಸ್ತಕದಂಗಡಿಯವನು. ಟೈಕಾಂಡೆರೋಗ ಕೋಟೆಯ 59 ಫಿರಂಗಿಗಳು, 50 ಟನ್ನಿಗೂ ಮಿಗಿಲಾದ ತೂಕ, 1775ರ ಡಿಸೆಂಬರ್ ಚಳಿಯಲ್ಲಿ ಸುಮಾರು 480 ಕಿಲೋಮೀಟರ್. ಗಾಲಿಯಿಲ್ಲದ ಜಾರುಬಂಡಿಗಳಿಗೆ ಎತ್ತು, ಕುದುರೆ ಹೂಡಿದರು. ಹೆಪ್ಪುಗಟ್ಟಿದ ಹಡ್ಸನ್ ನದಿಯ ಮಂಜು ತೆಳುವಾಗಿದ್ದಲ್ಲಿ ತೂತು ಕೊರೆದರು. ಉಕ್ಕಿದ ನೀರು ಮೇಲೆ ಹರಡಿ ಮತ್ತೆ ಹೆಪ್ಪುಗಟ್ಟಿ ಪದರ ದಪ್ಪವಾಗುತ್ತಿತ್ತು. ಆದರೂ ಒಂದು ಫಿರಂಗಿ ಮುಳುಗಿತು. ಆಲ್ಬನಿಯ ಜನ ಸೇರಿ ಎಳೆದು ತೆಗೆದರು. 1776ರ ಮಾರ್ಚ್ 4ರ ರಾತ್ರಿ ಬಾಸ್ಟನ್ ಎದುರಿನ ಡಾರ್ಚೆಸ್ಟರ್ ಗುಡ್ಡಕ್ಕೆ ಫಿರಂಗಿ ಏರಿಸುವಾಗ ನೆಲ ಕಲ್ಲಾಗಿತ್ತು, ಕಂದಕ ತೋಡುವಂತಿರಲಿಲ್ಲ. ಮೊದಲೇ ಹೊಂದಿಸಿಟ್ಟ ಮರದ ಚೌಕಟ್ಟು, ಪುಳ್ಳೆ ಕಂತೆ, ಹುಲ್ಲಿನ ಪಿಂಡಿ ಒಯ್ದು ಬೆಳಗಾಗುವುದರೊಳಗೆ ಗೋಡೆ ಎಬ್ಬಿಸಿದರು. ಮಾರ್ಚ್ 17ಕ್ಕೆ ಬ್ರಿಟಿಷರು ಹಡಗು ಹತ್ತಿದರು.

ಅದೇ ವರ್ಷ ನ್ಯೂಯಾರ್ಕ್ ವಾಷಿಂಗ್ಟನ್‌ಗೆ ಕೈತಪ್ಪಿತು. ಸಿಪಾಯಿಗಳ ಕರಾರು ಡಿಸೆಂಬರ್ 31ಕ್ಕೆ ಮುಗಿಯುವುದಿತ್ತು. ಟ್ರೆಂಟನ್ ದಾಳಿ ಡಿಸೆಂಬರ್ 26ಕ್ಕೇ ನಡೆದದ್ದರ ಹಿಂದೆ ಈ ತಾರೀಖಿನ ಒತ್ತಡವೂ ಇತ್ತು. 2,400 ಜನ, 18 ಫಿರಂಗಿ ರಾತ್ರೋರಾತ್ರಿ ಡೆಲವೇರ್ ನದಿ ದಾಟಿದರು. ಕೋವಿಗಳು ನೆನೆದಿವೆ ಎಂದಾಗ ಬಯೊನೆಟ್ ಹಿಡಿದೇ ಮುನ್ನುಗ್ಗಿ ಎಂಬ ಆಜ್ಞೆ ಬಂತು. ಬ್ರಿಟಿಷರ ಪರ ಬಾಡಿಗೆಗೆ ಬಂದಿದ್ದ ಸುಮಾರು 900 ಹೆಸ್ಸಿಯನ್ (ಜರ್ಮನ್) ಸಿಪಾಯಿಗಳು ಸೆರೆಯಾದರು.

ಗುಂಡಿಗಿಂತ ಹೆಚ್ಚು ಜನರನ್ನು ಕೊಂದದ್ದು ರೋಗ. 1777ರ ಫೆಬ್ರುವರಿಯಲ್ಲಿ ವಾಷಿಂಗ್ಟನ್ ಇಡೀ ಸೇನೆಗೆ ಸಿಡುಬು ಜೋರಾಗಿ ಹಿಡಿಯದಂತೆ ಮೊದಲೇ ಸಿಡುಬಿನ ಕೀವು ಹಾಕಿಸಲು ಆಜ್ಞೆ ಕೊಟ್ಟ. ಹಾಕಿಸಿಕೊಂಡವರು ಕೆಲವು ವಾರ ಮಲಗುವುದರಿಂದ ಶತ್ರುವಿಗೆ ತಿಳಿಯದಂತೆ ಸರದಿಯ ಮೇಲೆ ನಡೆಸಬೇಕಿತ್ತು. ಅವನ ಆಜ್ಞೆಗಳಲ್ಲಿ ನಾನು ಅತಿ ಧೈರ್ಯದ್ದೆಂದು ಎಣಿಸುವುದು ಇದನ್ನೇ. ಮರುವರ್ಷ ವ್ಯಾಲಿ ಫೋರ್ಜ್ ಬಿಡಾರದಲ್ಲಿ ಸುಮಾರು 2,000 ಜನ ಸತ್ತದ್ದೂ ಹೆಚ್ಚಾಗಿ ಜ್ವರ, ಭೇದಿಗಳಿಂದ. ಅಲ್ಲಿಗೆ ಬಂದ ಪ್ರಷ್ಯನ್ ಅಧಿಕಾರಿ ಸ್ಟೂಬೆನ್ ಕವಾಯತು ಕಲಿಸಿದ್ದು ಎಲ್ಲರಿಗೂ ಗೊತ್ತು. ಅಡುಗೆ ಒಂದು ಕಡೆ, ಪಾಯಖಾನೆ ಅದರ ಎದುರು ಕೊನೆಗೆ ಎಂದು ನಿಯಮ ಮಾಡಿದವನೂ ಅವನೇ.

1777ರ ಅಕ್ಟೋಬರ್ 17ರಂದು ಸರಟೋಗದಲ್ಲಿ ಬ್ರಿಟಿಷ್ ಜನರಲ್ ಬರ್ಗಾಯ್ನ್ ಶರಣಾದ. ನಾಲ್ಕು ತಿಂಗಳೊಳಗೆ ಫ್ರಾನ್ಸ್ ಬಹಿರಂಗವಾಗಿ ಒಪ್ಪಂದಕ್ಕೆ ಸಹಿ ಹಾಕಿತು. ಅದರ ಫಲ ಯಾರ್ಕ್‌ಟೌನ್‌ನಲ್ಲಿ ಕಂಡಿತು. 1781ರ ಸೆಪ್ಟೆಂಬರ್ 5ರಂದು ಫ್ರೆಂಚ್ ನೌಕಾಪತಿ ದ ಗ್ರಾಸ್‌ನ 24 ಯುದ್ಧನೌಕೆಗಳು ಬ್ರಿಟಿಷರ 19ನ್ನು ಚೆಸಪೀಕ್ ಬಾಯಲ್ಲೇ ತಡೆದವು. ಯಾರ್ಕ್‌ಟೌನ್‌ನಲ್ಲಿದ್ದ ಬ್ರಿಟಿಷ್ ಜನರಲ್ ಕಾರ್ನ್‌ವಾಲಿಸ್‌ಗೆ ಕಾಳೂ ಇಲ್ಲ, ಕುಮ್ಮಕ್ಕೂ ಇಲ್ಲ. ಅಕ್ಟೋಬರ್ 6ರ ರಾತ್ರಿ ಅಮೆರಿಕನ್ನರೂ ಫ್ರೆಂಚರೂ ಕೋಟೆಗೆ ಸಮಾನಾಂತರವಾಗಿ ಮೊದಲ ಕಂದಕ ತೋಡಿದರು. ತಳವಿಲ್ಲದ ಬುಟ್ಟಿಗಳನ್ನು ಸಾಲಾಗಿ ನಿಲ್ಲಿಸಿ ಅಗೆದ ಮಣ್ಣನ್ನು ಅವುಗಳಿಗೇ ತುಂಬಿದರೆ ಗೋಡೆ. 9ರಂದು ಫಿರಂಗಿ ಶುರು. 11ರಂದು ಅರ್ಧ ದೂರಕ್ಕೆ ಎರಡನೇ ಕಂದಕ. ಅದರ ದಾರಿಗೆ ಅಡ್ಡವಿದ್ದ ಎರಡು ಬುರುಜುಗಳನ್ನು 14ರ ರಾತ್ರಿ ಒಂದನ್ನು ಫ್ರೆಂಚರು, ಒಂದನ್ನು ಅಮೆರಿಕದ ಅಧಿಕಾರಿ ಹ್ಯಾಮಿಲ್ಟನ್‌ನ ತಂಡ ಹಿಡಿಯಿತು. ಕತ್ತಲಲ್ಲಿ ಒಂದು ಕೋವಿ ಹಾರಿದರೂ ಗುಟ್ಟು ರಟ್ಟು, ಹಾಗಾಗಿ ಹ್ಯಾಮಿಲ್ಟನ್‌ನ ಜನ ಕೋವಿ ತುಂಬದೆ ಬಯೊನೆಟ್ ಮಾತ್ರ ಹಿಡಿದು ಹೋದರು. 19ಕ್ಕೆ ಶರಣಾಗತಿ.

ಸಂಧಿಗೆ ಸಹಿ ಬಿದ್ದದ್ದು 1783ರ ಸೆಪ್ಟೆಂಬರ್ 3ರಂದು. ಯಾರ್ಕ್‌ಟೌನ್ ಆದ ಮೇಲೂ ಕಡಲ ಕಾದಾಟ ನಿಂತಿರಲಿಲ್ಲ. 1782ರ ಏಪ್ರಿಲ್ 8ರಂದು ಡೆಲವೇರ್ ಕೊಲ್ಲಿಯಲ್ಲಿ ಬ್ರಿಟಿಷರ ಜನರಲ್ ಮಾಂಕ್ ನೌಕೆಯನ್ನು ಸೆರೆಹಿಡಿದ ಪೆನ್ಸಿಲ್ವೇನಿಯದ ಹಡಗಿನ ಹೆಸರು ‘ಹೈದರ್ ಅಲಿ’. ಶತ್ರುವಿನ ಶತ್ರುವಾದ ಮೈಸೂರಿನ ನವಾಬನ ಹೆಸರು ಅಷ್ಟು ದೂರ ಹೋಗಿತ್ತು.

ಕಾರ್ನ್‌ವಾಲಿಸ್ ಗವರ್ನರ್ ಜನರಲ್ ಆಗಿ ನಮ್ಮ ಕಡೆಗೆ ಬಂದ. 1791ರ ಮೇ ತಿಂಗಳಲ್ಲಿ ಶ್ರೀರಂಗಪಟ್ಟಣದ ಹತ್ತಿರದ ಅರಕೆರೆಯಲ್ಲಿ ಟಿಪ್ಪುವಿನ ಸೇನೆಯನ್ನು ಹಿಂದಕ್ಕೆ ಅಟ್ಟಿದರೂ ಅವನಿಗೆ ಮುಂದಡಿ ಇಡಲಾಗಲಿಲ್ಲ. ಮೇವಿಲ್ಲದೆ ಎತ್ತುಗಳು ಸತ್ತಿದ್ದವು, ಮಳೆ ಹಿಡಿದಿತ್ತು. ಎಳೆಯಲಾಗದ ದೊಡ್ಡ ಫಿರಂಗಿಗಳನ್ನು ತಾನೇ ಒಡೆಸಿ ಹಿಂದಿರುಗಿದ. ಮರುವರ್ಷ ಫೆಬ್ರುವರಿಯಲ್ಲಿ ಮತ್ತೆ ಬಂದಾಗ ಅವನ ಸೇನೆಗೆ ಲಂಬಾಣಿಗರ ಹೇರೆತ್ತುಗಳ ಮೇಲೆ ದವಸ ಬರುತ್ತಿತ್ತು.