ವಡಗಾವಿಯ ಮಾಳಿಗೆಯಲ್ಲಿ ಮೂರು ಹಾಡುಗಳು

2003ರ ಆಗಸ್ಟ್ ತಿಂಗಳಲ್ಲಿ, ಬೆಳಗಾವಿಯ ವಡಗಾವಿಯಲ್ಲಿರುವ ಗೆಳೆಯನ ಮನೆಯ ಮಾಳಿಗೆಯ ಕೋಣೆಯಲ್ಲಿ, ನಾವು ನಾಲ್ವರು ನಮ್ಮ ರಾಕ್ ಬ್ಯಾಂಡಿನ ಮೊದಲ ರೆಕಾರ್ಡಿಂಗ್ ಮಾಡಿದೆವು. ಗೆಳೆಯ ನೇಕಾರರ ಮನೆಯ ಹುಡುಗ, ಡ್ರಮ್ ಬಾರಿಸುತ್ತಿದ್ದ. ಮಾಳಿಗೆಯ ಕೆಳಗೆ ಅವರ ಎರಡು ಪವರ್‌ಲೂಮ್‌ಗಳಿದ್ದವು. ಓಣಿಯ ತುಂಬ ಅವೇ ಇದ್ದವು.

ನಮ್ಮ ಮುಂದಿದ್ದ ಮಾದರಿಯೆಂದರೆ ದೆಹಲಿಯ ಇಂಡಿಯನ್ ಓಷನ್ ತಂಡದ ‘ಡೆಸರ್ಟ್ ರೇನ್’. 1997ರಲ್ಲಿ ಬಂದ ಆ ಆಲ್ಬಂ ಸ್ಟುಡಿಯೋದಲ್ಲಿ ತಯಾರಾದದ್ದಲ್ಲ, ಸಭಿಕರ ಮುಂದೆ ನುಡಿಸಿದ್ದರ ಮುದ್ರಣ. ಸುಸ್ಮಿತ್ ಸೆನ್ ಅವರ ಗಿಟಾರ್ ಅದರಲ್ಲಿ ಅಬ್ಬರಿಸದೆ ಮಾತಾಡುತ್ತದೆ. ಅಶೀಮ್ ಚಕ್ರವರ್ತಿಯವರ ತಬಲಾ, ಅಮಿತ್ ಕಿಲಂ ಅವರ ಡ್ರಮ್ ಒಂದಕ್ಕೊಂದು ಜಾಗ ಬಿಟ್ಟುಕೊಡುತ್ತವೆ. ರಾಕ್ ಎಂದರೆ ಗಿಟಾರಿನ ಕರ್ಕಶವೆಂದು ನಂಬಿದ್ದ ನನಗೆ ಆ ಕ್ಯಾಸೆಟ್ಟು ದೊಡ್ಡ ಪಾಠವಾಗಿತ್ತು. ನಮ್ಮ ಮೊದಲ ಹಾಡಿಗೆ ಜೇಡರ ದಾಸಿಮಯ್ಯನ ವಚನವೊಂದನ್ನು ಆರಿಸಿಕೊಂಡಿದ್ದೆವು. ‘ರಾಮನಾಥ’ ಎಂಬ ಅಂಕಿತದ ಆ ವಚನಕಾರ ನೇಕಾರನಾಗಿದ್ದನೆಂಬುದು ಆ ಮನೆಯವರಿಗೆ ಹೆಮ್ಮೆಯ ವಿಷಯವಾಗಿತ್ತು.

ಎರವಲು ತಂದ ಯಂತ್ರ ನಾಲ್ಕು ಟ್ರ್ಯಾಕಿನ, ಅಂದರೆ ನಾಲ್ಕು ಸದ್ದುಗಳನ್ನು ಬೇರೆಬೇರೆಯಾಗಿ ಮುದ್ರಿಸಬಲ್ಲ, ಕ್ಯಾಸೆಟ್ ರೆಕಾರ್ಡರ್. ಸಾಮಾನ್ಯ ಕ್ಯಾಸೆಟ್ಟಿನಲ್ಲಿ ಒಂದೊಂದು ಬದಿಗೆ ಎರಡೆರಡು ಟ್ರ್ಯಾಕುಗಳಿರುತ್ತವೆ. ಈ ಯಂತ್ರ ನಾಲ್ಕನ್ನೂ ಒಂದೇ ದಿಕ್ಕಿನಲ್ಲಿ ಬಳಸುತ್ತದೆಯಾದ್ದರಿಂದ ಕ್ಯಾಸೆಟ್ಟನ್ನು ತಿರುವಿ ಹಾಕುವಂತಿಲ್ಲ. 1979ರಲ್ಲಿ ಟ್ಯಾಸ್ಕಾಮ್ ಕಂಪನಿ ಇಂಥ ಯಂತ್ರವನ್ನು ಮಾರುಕಟ್ಟೆಗೆ ತಂದ ಮೇಲೆಯೇ ಸ್ಟುಡಿಯೋದ ಬಾಡಿಗೆ ಕೊಡಲಾಗದವರೂ ಮನೆಯಲ್ಲಿ ಪದರ ಪದರವಾಗಿ ಹಾಡು ಕಟ್ಟುವುದು ಸಾಧ್ಯವಾಯಿತು. ಡ್ರಮ್ಮಿಗೆ ಒಂದು, ಬೇಸ್ ಗಿಟಾರಿಗೆ ಒಂದು, ನನ್ನ ಗಿಟಾರಿಗೆ ಒಂದು, ಕೊನೆಯದು ಹಾಡುವವನಿಗೆ ಎಂದು ಹಂಚಿಕೊಂಡೆವು.

ಆದರೆ ಪ್ರತಿಯೊಂದು ಮೈಕಿನಲ್ಲೂ ಮಗ್ಗದ ಸದ್ದು ನುಗ್ಗುತ್ತಿತ್ತು. ಕಿಟಕಿಗೆ ಕೌದಿ ಹೊದಿಸಿದರೂ ಲಾಳಿಯ ಬಡಿತ ನೆಲದೊಳಗಿಂದಲೇ ಏರಿ ಬರುತ್ತಿತ್ತು. ಕಡೆಗೆ ಲೋಡ್ ಶೆಡ್ಡಿಂಗ್ ಆಗುವ ಹೊತ್ತಿಗೆ ಕಾದು, ಓಣಿಯ ಮಗ್ಗಗಳೆಲ್ಲ ನಿಂತ ಮೇಲೆ, ರೆಕಾರ್ಡರ್ ಮತ್ತು ಎರಡು ಸಣ್ಣ ಆಂಪ್ಲಿಫೈಯರುಗಳನ್ನು ಇನ್ವರ್ಟರಿಗೆ ಜೋಡಿಸಿ ನುಡಿಸಿದೆವು. ಅಂಥ ನಿಶ್ಶಬ್ದ ನಮಗೆ ಅದುವರೆಗೆ ಸಿಕ್ಕಿರಲಿಲ್ಲ. ಆದರೂ ಹಾಡು ಅರ್ಧಕ್ಕೆ ಬರುವಷ್ಟರಲ್ಲಿ ನಿಧಾನವಾಗತೊಡಗಿತು. ಮತ್ತೆ ನುಡಿಸಿದರೂ ಹಾಗೆಯೇ ಆಯಿತು. ಬಾಗಿಲಲ್ಲಿ ನಿಂತು ಕೇಳುತ್ತಿದ್ದ ಗೆಳೆಯನ ತಂದೆ ಮಗನಿಗೆ, “ಮಗ್ಗ ಬಂದ್ ಆದ ಮ್ಯಾಲ ನಿನ್ನ ಕೈಯೂ ಸಡ್ಲ ಆತಲ್ಲೋ ತಮ್ಮಾ” ಎಂದರು.

ಅವರು ಹೇಳಿದ್ದು ನಿಜವಾಗಿತ್ತು. ವರ್ಷಗಟ್ಟಲೆ ಆ ಮಾಳಿಗೆಯಲ್ಲೇ ಅಭ್ಯಾಸ ಮಾಡಿದ್ದ ನಾವು, ನಿಮಿಷಕ್ಕೆ ನೂರಕ್ಕೂ ಹೆಚ್ಚು ಬಾರಿ ಬಡಿಯುವ ಆ ಮಗ್ಗಗಳನ್ನೇ ತಾಳವಾಗಿ ಹಿಡಿದುಕೊಂಡಿದ್ದೆವು. ನಮ್ಮದೆಂದು ಹೇಳಿಕೊಳ್ಳುತ್ತಿದ್ದ ಓಟ ಅವುಗಳಿಂದ ಬಂದದ್ದಾಗಿತ್ತು. ಕರೆಂಟು ಬಂದ ಕೂಡಲೇ ಕೌದಿ ತೆಗೆದು ಕಿಟಕಿ ತೆರೆದೆವು. ಬೇಸ್ ನುಡಿಸುವವನು ಮೊದಲು ಒಪ್ಪಲಿಲ್ಲ. ಆಮೇಲೆ ಅವನೇ ಒಂದು ಮೈಕನ್ನು ಮೆಟ್ಟಿಲ ಕಡೆಗೆ ತಿರುಗಿಸಿಟ್ಟ.

ಆ ಕ್ಯಾಸೆಟ್ಟು ಇನ್ನೂ ನನ್ನ ಬಳಿ ಇದೆ. ಮೂರನೆಯ ಹಾಡಿನ ಕೊನೆಗೆ ಮತ್ತೆ ಕರೆಂಟು ಹೋಗಿ, ಮಗ್ಗಗಳು ಒಮ್ಮೆಲೇ ನಿಂತದ್ದು ಅದರಲ್ಲಿ ಕೇಳಿಸುತ್ತದೆ. ಆಮೇಲೆ ಸ್ವಲ್ಪ ಹೊತ್ತು ಡ್ರಮ್ ಒಂದೇ ಅದೇ ಓಟದಲ್ಲಿ ಮುಂದುವರಿಯುತ್ತದೆ.